ಗಿರಣಿ ಬಾಗಿಲಿಂದ ಕಾಣದ ಸೇತುವೆ

"ಉಸಿರು ಬಿಗಿ ಹಿಡಿದು ನೋಡಿ ಅಕ್ಕ. ಇಲ್ಲಿ ನೀವು ಉಸಿರು ಬಿಟ್ಟರೆ ಅಲ್ಲಿ ಬಿರುಗಾಳಿ ಏಳತ್ತೆ."

ಪತ್ತೇದಾರಮ್ಮ ಉಸಿರು ಹಿಡಿದಳು. ಮಂಡಿಯೂರಿ, ಗಲ್ಲವನ್ನು ಮೇಜಿನ ಅಂಚಿಗೆ ಒತ್ತಿ, ಎಡಗಣ್ಣು ಮುಚ್ಚಿದ್ದಳು. ಐವತ್ತೆಂಟು ವರ್ಷದ ಮಂಡಿಗಳು ಲಟಲಟ ಎಂದು ದೂರು ಹೇಳುತ್ತಿದ್ದರೂ ಏಳಲು ಮನಸ್ಸಾಗಲಿಲ್ಲ.

ಕಣ್ಣೆದುರು ಒಂದು ಕಣಿವೆಯಿತ್ತು.

ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು ಅದು ಎಂಬುದು ಅವಳಿಗೆ ಮರೆತೇ ಹೋಯಿತು. ಕಿಟಕಿಯ ಬೆಳಗಿನ ಬಿಸಿಲಿಗೆ ನದಿ ಮಿನುಗುತ್ತಿತ್ತು. ದಡದ ಕೆಸರಿನಲ್ಲಿ ಬಂಡಿ ಚಕ್ರದ ಜಾಡು. ಗೋಧಿ ಹೊಲದಲ್ಲಿ ಯಾರೋ ಅಡ್ಡ ಓಡಿದ ಹಾಗೆ ಒಂದು ಸಾಲು ಪೈರು ಮಲಗಿತ್ತು. ಹಂಚು ಜಾರಿದ ಮನೆಯೊಂದರ ಮಾಡಿನಲ್ಲಿ ತೊಲೆ ಕಾಣುತ್ತಿತ್ತು. ಬೆಂಕಿಕಡ್ಡಿಯ ತೊಲೆ. ಅದಕ್ಕೂ ಮಸಿ ಹಿಡಿದಿತ್ತು.

ಆ ಕಣಿವೆಯ ತುಂಬ ಒಂದು ಅಂಗುಲ ಎತ್ತರದ ಸಾವಿರದಿನ್ನೂರು ಜನ ನಿಂತಿದ್ದರು. ಇನ್ನೂರು ವರ್ಷದ ಹಿಂದಿನ ಒಂದು ಯುದ್ಧದ ಬೆಳಗು ಅದು. ನಾಳೆ, ಭಾನುವಾರ, ಗ್ರಂಥಾಲಯದ ಸಭಾಂಗಣದಲ್ಲಿ ಊರ ಜನರೆದುರು ದಾಳ ಹಾಕಿ, ಅಳತೆಪಟ್ಟಿ ಹಿಡಿದು, ಇಡೀ ಯುದ್ಧವನ್ನು ಈ ಮೇಜಿನ ಮೇಲೆ ಮತ್ತೆ ಆಡಬೇಕಿತ್ತು.

ಅದನ್ನೆಲ್ಲ ಕಟ್ಟಿದ ಮನುಷ್ಯ ಮಾತ್ರ ಮಂಗಳವಾರ ಬೆಳಗ್ಗೆ ಆರಕ್ಕೆ "ಮರಳು ತರ್ತೀನಿ" ಎಂದು ಹೋದವನು ಇನ್ನೂ ಬಂದಿರಲಿಲ್ಲ. ಠಾಣೆಯವರು ಬರೆದುಕೊಂಡು, "ಮಗು ಅಲ್ಲವಲ್ಲ, ಬರ್ತಾರೆ ಬಿಡಿ" ಎಂದು ಕಳಿಸಿದ್ದರು. ಆಮೇಲೆಯೇ ಅವನ ತಂಗಿ ಪತ್ತೇದಾರಮ್ಮನ ಬಾಗಿಲು ತಟ್ಟಿದ್ದು.

"ಎಷ್ಟು ವರ್ಷದ ಕೆಲಸ ಇದು?" ಪತ್ತೇದಾರಮ್ಮ ಪಿಸುಗುಟ್ಟಿದಳು. ಜೋರಾಗಿ ಮಾತಾಡಿದರೆ ಆ ಪುಟ್ಟ ಜನ ತಿರುಗಿ ನೋಡಿಯಾರು ಎನ್ನುವಂತಿತ್ತು ದನಿ.

"ನೆಲ ಎರಡು ವರ್ಷ. ಜನ ನಾಲ್ಕು ವರ್ಷ. ನೆಲ ಅಣ್ಣಂದು, ಜನ ನಂದು."

ತಂಗಿ ಕಿಟಕಿ ಬಳಿ ಕೂತಿದ್ದಳು. ಸೀಸೆ ಮುಚ್ಚಳದ ಮೇಲೆ ಅಂಟಿಸಿದ ಒಬ್ಬ ತವರದ ಸೈನಿಕನನ್ನು ಎಡಗೈಯಲ್ಲಿ ಹಿಡಿದು, ನಾಲ್ಕೇ ನಾಲ್ಕು ಕೂದಲಿನ ಕುಂಚದಿಂದ ಅವನಿಗೆ ಕಣ್ಣು ಬರೆಯುತ್ತಿದ್ದಳು. ಮುಖಕ್ಕೆ ಇನ್ನೂ ಬಣ್ಣವಿರಲಿಲ್ಲ. ತಳಬಣ್ಣದ ಕಪ್ಪು ಮುಖದಲ್ಲಿ ಎರಡು ಬಿಳಿ ಚುಕ್ಕೆ.

"ಕಣ್ಣು ಮೊದಲು ಯಾಕಮ್ಮ?"

"ಕಣ್ಣು ತಪ್ಪಿದರೆ ಸುತ್ತ ಮುಖ ಬಳಿದು ಸರಿಮಾಡಬಹುದು. ಮುಖ ಮುಗಿಸಿದ ಮೇಲೆ ಕಣ್ಣು ತಪ್ಪಿದರೆ ಎಲ್ಲ ಗೋವಿಂದ." ಅವಳು ನಗಲು ನೋಡಿದಳು, ಆಗಲಿಲ್ಲ. "ಅಣ್ಣ ಹೇಳ್ತಾನೆ, ನೋಡೋದು ಕಲಿಸಿ ಆಮೇಲೆ ಬಟ್ಟೆ ಹಾಕು ಅಂತ."

ನದಿಯ ಆಚೆ ದಡದಲ್ಲಿ ಮೂವತ್ತು ಜನರ ಒಂದು ಗುಂಪು ಸೇತುವೆಯತ್ತ ಓಡುತ್ತಿತ್ತು. ಪತ್ತೇದಾರಮ್ಮ ಭೂತಗನ್ನಡಿ ಹಿಡಿದಳು. ಒಬ್ಬನ ಒಂದು ಕಾಲಿಗೆ ಬೂಟಿರಲಿಲ್ಲ. ಇನ್ನೊಬ್ಬ ಗಾಯಗೊಂಡವನನ್ನು ಹೆಗಲಿಗೆ ಹಾಕಿಕೊಂಡಿದ್ದ. ಒಂದು ಮುಖದಂತೆ ಇನ್ನೊಂದಿರಲಿಲ್ಲ. ಪೊಲೀಸು ಕೆಲಸದ ಇಪ್ಪತ್ತೆರಡು ವರ್ಷದಲ್ಲಿ ಅವಳು ಎಷ್ಟೋ ಕೋಣೆ ಹೊಕ್ಕಿದ್ದಳು, ಎಷ್ಟೋ ಬೀಗ ಒಡೆಸಿದ್ದಳು. ಒಂದು ಕೋಣೆಯ ಎದುರು ಹೀಗೆ ಕೈಮುಗಿಯಬೇಕು ಅನ್ನಿಸಿದ್ದು ಇದೇ ಮೊದಲು.

"ಇವರೇ ಆ ಆರುನೂರು ಜನ," ಎಂದಳು ತಂಗಿ. "ಇಪ್ಪತ್ತು ಜನಕ್ಕೆ ಒಬ್ಬ ಗೊಂಬೆ ಲೆಕ್ಕ. ಇವರು ಆಚೆ ಇರುವಾಗಲೇ ಸೇತುವೆ ಹಾರಿಹೋಯ್ತು. ಒಬ್ಬರೂ ಉಳೀಲಿಲ್ಲ."

"ಸೇತುವೆ ಸಿಡಿಸಿದ್ದು ಅವರ ಸೇನಾಪತಿಯೇ ಅಲ್ವಾ? ಎಲ್ಲೋ ಓದಿದ ನೆನಪು."

"ನಮ್ಮೂರ ಕಾಲೇಜಿನ ಮೇಷ್ಟ್ರ ಪುಸ್ತಕ ಬಂದ ಮೇಲೆ ಹಾಗಂತಾರೆ. ಅದಕ್ಕೆ ಮುಂಚೆ ಶತ್ರುಗಳು ಸಿಡಿಸಿದರು ಅಂತಿತ್ತು. ಆ ಕಾಲದ ಗಿರಣಿಯವನ ದಿನಚರಿ ಅವರಿಗೆ ಸಿಕ್ಕಿತಲ್ಲ, ಆಮೇಲೆ ಸೇನಾಪತಿ ದ್ರೋಹಿ ಆದ. ಚೌಕದಲ್ಲಿದ್ದ ಅವನ ಪ್ರತಿಮೇನೂ ಕಿತ್ತು ಹಾಕಿದರು."

ಅವಳ ಮುಂದಿನ ತಟ್ಟೆಯಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಸವಾರನಿದ್ದ. ಬೂಟಿನಿಂದ ಕುತ್ತಿಗೆಯವರೆಗೆ ಬಣ್ಣ ಮುಗಿದಿತ್ತು. ಮುಖ ಮಾತ್ರ ಖಾಲಿ.

"ಇವನೇ ಸೇನಾಪತಿ. ಎಂಟು ತಿಂಗಳಿಂದ ಹೀಗೇ ಕೂತಿದಾನೆ. ದ್ರೋಹಿ ಮುಖ ಬರೀಲೋ, ನತದೃಷ್ಟನ ಮುಖ ಬರೀಲೋ ಗೊತ್ತಾಗ್ತಿಲ್ಲ. ಅಣ್ಣ 'ಸ್ವಲ್ಪ ತಡಿ' ಅಂದ."

"ಯಾವಾಗ ಅಂದದ್ದು?"

ಕುಂಚ ಒಂದು ಕ್ಷಣ ನಿಂತಿತು. "ಹೋಗೋಕೆ ಮುಂಚೆ," ಎಂದಳು.

ಪತ್ತೇದಾರಮ್ಮ ಎದ್ದು ಕೋಣೆ ಸುತ್ತಿದಳು. ಹೊಲಿಗೆ ಅಂಗಡಿಯ ಮಹಡಿ ಅದು. ಕೆಳಗಿಂದ ಯಂತ್ರಗಳ ಗರಗರ ಸದ್ದು ಬರುತ್ತಿತ್ತು. ಗೋಡೆಗೆ ತಾಗಿದ ಹಲಗೆಗಳ ಮೇಲೆ ಜರಡಿ ಹಿಡಿದ ಮರಳು ಮೂರು ನಮೂನೆ, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ ಗರಗಸದ ಪುಡಿ, ಮರಗಳಾಗಲು ಕಾಯುತ್ತಿದ್ದ ಒಣಬೇರು. ಒಂದು ಮೂಲೆಯಲ್ಲಿ ಥರ್ಮಕೋಲ್ ಹಾಳೆ ಕೊಯ್ಯುವ ಕಾದ ತಂತಿಯ ಚೌಕಟ್ಟು.

"ಗುಡ್ಡ ಹೇಗೆ ಕಟ್ತಾನೆ ನಿಮ್ಮಣ್ಣ?"

"ಹಾಳೆ ಮೇಲೆ ಹಾಳೆ. ನಕ್ಷೆಯಲ್ಲಿ ಎತ್ತರದ ಗೆರೆ ಇರ್ತಾವಲ್ಲ, ಒಂದು ಗೆರೆಗೆ ಒಂದು ಹಾಳೆ. ಬೇರೆಯವರು ಚೆಂದಕ್ಕೆ ಗುಡ್ಡ ಎತ್ತರ ಮಾಡ್ತಾರೆ, ತಗ್ಗಿಸ್ತಾರೆ. ಇವನು ಒಂದು ಕೂದಲೆಳೆನೂ ಬಿಡಲ್ಲ. ಹಾಳೆಗೆ ಬಿಳಿ ಅಂಟು ಹಚ್ಚಿ ಕೂರಿಸಿ, ಮೇಲೆ ಮರಳು, ಅದು ಒಂದು ದಿನ ಒಣಗಬೇಕು. ಆಮೇಲೆ ಬಣ್ಣ, ಅದಕ್ಕೊಂದು ದಿನ. ಆಮೇಲೆ ಹುಲ್ಲು." ಅಣ್ಣನ ಮಾತು ಬಂದಾಗ ಅವಳ ದನಿಗೆ ಜೀವ ಬಂದಿತ್ತು. "ಅಷ್ಟಾದರೂ ಹಾಳೆಗಳ ನಡುವಿನ ಅಂಟು ಬೇಗ ಒಣಗಲ್ಲ ಅಕ್ಕ. ಒಳಗೆ ಗಾಳಿ ಆಡಲ್ವಲ್ಲ. ವಾರವಾದರೂ ಹಸಿ. ಅವಸರದವರು ಗುಡ್ಡ ಕಟ್ಟಬಾರದು ಅಂತಾನೆ."

ಹೇಳುತ್ತಲೇ ಅವಳು ಎದ್ದು ಬಂದು, ಮೇಜಿನ ನಡುವಿನ ಇಡೀ ಹಳ್ಳಿಯನ್ನು, ಹದಿನಾಲ್ಕು ಮನೆ, ಒಂದು ಬಾವಿ, ಎರಡು ಬೀದಿ ಸಮೇತ, ಪಾತ್ರೆಯ ಮುಚ್ಚಳ ತೆಗೆದಂತೆ ಎತ್ತಿ ತಲೆಕೆಳಗು ಮಾಡಿದಳು. ಅಡಿಯಲ್ಲಿ ಪೆನ್ಸಿಲಿನಲ್ಲಿ ಒಂದು ತ್ರಿಕೋನ, ಪಕ್ಕದಲ್ಲೊಂದು ಚುಕ್ಕೆ, ಕೆಳಗೆ ಹೋದ ವರ್ಷದ ಒಂದು ತಾರೀಖು.

"ತ್ರಿಕೋನ ಅಣ್ಣಂದು. ಚುಕ್ಕೆ ನಂದು. ಮುಗಿದ ದಿನ ಬರೀತೀವಿ. ಮಕ್ಕಳ ಹುಟ್ಟಿದ ದಿನ ಬರೆದಿಡಲ್ವಾ, ಹಾಗೆ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ತಂಗಿಯ ಗಂಡ, ಔಷಧಿ ಅಂಗಡಿಯವನು, ಫ್ಲಾಸ್ಕಿನಲ್ಲಿ ಚಹಾ ತಂದಿದ್ದ. ಐವತ್ತು ದಾಟಿದ, ತುಂಬು ಮುಖದ, ನಗುಮುಖದ ಮನುಷ್ಯ. ನಾಳೆಯ ಆಟದಲ್ಲಿ ಶತ್ರು ಪಕ್ಷ ಇವನದೇ.

"ಏನಾದ್ರೂ ಸುಳಿವು ಸಿಕ್ತಾ ಮೇಡಂ? ನಮ್ಮ ಭಾವನಿಗೆ ಗುಡ್ಡ ಅಂದರೆ ಪ್ರಾಣ. ದೂರದ ಬೆಟ್ಟ ನುಣ್ಣಗೆ ಅಂತಾರೆ. ಇವನಿಗೆ ಹತ್ತಿರದ ಬೆಟ್ಟವೂ ನುಣ್ಣಗಿರಬಾರದು, ಮರಳು ಮೆತ್ತಬೇಕು!"

ಪತ್ತೇದಾರಮ್ಮ ನಕ್ಕಳು. ಅವನು ಲೋಟಕ್ಕೆ ಚಹಾ ಬಗ್ಗಿಸುತ್ತ ಮೇಜಿನ ಕಡೆ ತಿರುಗಿದ. ನೋಡುತ್ತಲೇ ನಿಂತ. ಚಹಾ ಲೋಟ ತುಂಬಿ, ಉಕ್ಕಿ, ಅವನ ಬೆರಳ ಮೇಲೆ ಹರಿಯಿತು.

"ರೀ, ಚಹಾ!" ಎಂದಳು ಹೆಂಡತಿ.

"ಅಬ್ಬ! ಎಷ್ಟು ಸಲ ನೋಡಿದರೂ ಮೈ ಮರೆಯತ್ತೆ ನೋಡಿ," ಎಂದು ಅವನು ಕೈ ಒರೆಸಿಕೊಂಡ. "ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದೀನಿ" ಎಂದು ಹೊರಟೇಹೋದ. ತನ್ನದೂ ಅದೇ ಪಾಡು ಎಂದುಕೊಂಡಳು ಪತ್ತೇದಾರಮ್ಮ.

ಅಣ್ಣ ಕೂರುತ್ತಿದ್ದ ಜಾಗದಲ್ಲಿ, ಅಂಟಿನ ಡಬ್ಬಿಯ ಹಿಂದೆ, ಅವಳಿಗೆ ಒಂದು ರಟ್ಟಿನ ಕೊಳವೆ ಸಿಕ್ಕಿತು. ಗೇಣುದ್ದ. ಎರಡು ತುದಿಗೂ ಒಂದೊಂದು ಕನ್ನಡಿ ಚೂರು ಓರೆಯಾಗಿ ಕೂರಿಸಿತ್ತು. ಮೇಲಿನ ತುದಿಗೆ ಕಣ್ಣಿಟ್ಟರೆ ಕೆಳಗಿನ ತುದಿ ಕಂಡದ್ದು ಕಾಣುತ್ತಿತ್ತು.

"ಇದೇನಮ್ಮ?"

"ಸೈನಿಕನ ಕಣ್ಣು ಅಂತೀವಿ. ಆಟದಲ್ಲಿ ಜಗಳ ಬರತ್ತಲ್ಲ, ನನ್ನವನಿಗೆ ನಿನ್ನವನು ಕಾಣ್ತಾನೆ, ಇಲ್ಲ ಕಾಣಲ್ಲ ಅಂತ. ಕಾಣದೆ ಗುಂಡು ಹಾರಿಸೋ ಹಾಗಿಲ್ಲ. ಆಗ ಇದನ್ನ ಗೊಂಬೆ ಪಕ್ಕ ಇಟ್ಟು ನೋಡ್ತೀವಿ."

ಕೊಳವೆಗೆ ಒಂದು ಚೀಟಿ ಸುತ್ತಿತ್ತು. ಪುಟ್ಟ ಅಚ್ಚುಕಟ್ಟು ಅಕ್ಷರದಲ್ಲಿ ಎರಡೇ ಪದ: "ಗಿರಣಿಯಿಂದ ಕಾಣದು."

ಗಿರಣಿ ಮೇಜಿನ ಬಲತುದಿಯಲ್ಲಿತ್ತು. ಕಲ್ಲಿನ ಗೋಡೆ, ಮರದ ಚಕ್ರ, ತೆರೆದ ಬಾಗಿಲು. ಪತ್ತೇದಾರಮ್ಮ ಆ ಬಾಗಿಲ ಮುಂದೆ ಕೊಳವೆಯನ್ನು ಇಳಿಸಿ ಕಣ್ಣಿಟ್ಟಳು.

ಅವಳು ಒಂದಂಗುಲದ ಮನುಷ್ಯಳಾಗಿ ಆ ಅಂಗಳದಲ್ಲಿ ನಿಂತಿದ್ದಳು. ಹುಲ್ಲು ಮೊಣಕಾಲಿನವರೆಗೆ ಬಂತು. ಬೇಲಿಯ ಗೂಟಗಳು ಎದೆಮಟ್ಟ ಎದ್ದವು. ದಾರಿ ಎದುರಿಗೆ ತಿರುಗಿ, ಒಂದು ಗುಡ್ಡದ ಬುಡದಲ್ಲಿ ಮರೆಯಾಯಿತು. ಮೇಲಿಂದ ನೋಡಿದಾಗ ಬೋರಲು ಹಾಕಿದ ತಟ್ಟೆಯಂತೆ ಇದ್ದ ಗುಡ್ಡ ಇಲ್ಲಿಂದ ಆಕಾಶ ಮುಚ್ಚಿ ನಿಂತಿತ್ತು. ಬಂಡೆಗಳ ಸೀಳು, ಸೀಳಿನಲ್ಲಿ ಹುಲ್ಲಿನ ಎಸಳು, ನೆತ್ತಿಯಲ್ಲಿ ಗಾಳಿಗೆ ಬಾಗಿದ ಒಂದು ಮರ. ಎರಡು ಸಾವಿರ ಮೈಲಿ ನಡೆದರೂ ಕಾಣದಂಥ ಒಂದು ಜಾಗವನ್ನು ಒಬ್ಬ ಮನುಷ್ಯ ಅಂಟು, ಮರಳಿನಲ್ಲಿ ಸೃಷ್ಟಿಸಿದ್ದ. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ನೋಡಿದಳು.

ಎಡಕ್ಕೆ ತಿರುಗಿಸಿದಳು. ಗುಡ್ಡ. ಬಲಕ್ಕೆ ತಿರುಗಿಸಿದಳು. ಗುಡ್ಡದ ಬಾಲ, ಅದರ ಮೇಲೆ ತೋಪು.

ಸೇತುವೆ ಕಾಣಲಿಲ್ಲ.

"ಗಿರಣಿಯವನ ದಿನಚರಿಯಲ್ಲಿ ಏನಿದೆ?" ಕೊಳವೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಬಾಗಿಲಲ್ಲಿ ನಿಂತು ಸೇನಾಪತಿ ಸೇತುವೆ ಸಿಡಿಸಿದ್ದನ್ನ ಕಣ್ಣಾರೆ ಕಂಡೆ ಅಂತ."

ಪತ್ತೇದಾರಮ್ಮ ನಿಧಾನಕ್ಕೆ ಎದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರೆ. ಇಲ್ಲಿ ಬೇಕಾಯಿತು, ಅದೂ ಎರಡು.

"ಮೇಷ್ಟ್ರನ್ನ ಕರೆಸಮ್ಮ."

*

ಮೇಷ್ಟ್ರು ಹನ್ನೊಂದಕ್ಕೆ ಬಂದರು. ಎಪ್ಪತ್ತರ ಹತ್ತಿರದವರು, ಬಿಳಿಗೂದಲು, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನಾಳೆ ಯುದ್ಧದ ಕಥೆ ಹೇಳಬೇಕಾದವರು ಅವರೇ. ಮೂರು ಮಹಡಿ ಹತ್ತಿದವರಂತೆ ಏದುಸಿರು ಬಿಡುತ್ತಿದ್ದರು, ಇದ್ದದ್ದು ಒಂದೇ ಮಹಡಿ.

"ಮಂಗಳವಾರ ಬೆಳಗ್ಗೆ ಎಲ್ಲಿದ್ರಿ ಮೇಷ್ಟ್ರೇ?"

"ಮನೆಯಲ್ಲಿ. ಭಾಷಣ ಬರೀತಿದ್ದೆ. ನನ್ನನ್ನ ಅನುಮಾನಿಸ್ತೀರಾ ತಾಯಿ?"

"ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದಿಲ್ಲ, ನೀವು ಹೆಗಲು ಮುಟ್ಟಿಕೊಳ್ಳಬೇಡಿ. ಗಿರಣಿಯವನು ಎಲ್ಲಿ ನಿಂತಿದ್ದ, ಹೇಳಿ."

ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಪುಸ್ತಕ ತೆರೆಯುವ ಅಗತ್ಯವೇ ಬೀಳಲಿಲ್ಲ. "'ನಮ್ಮ ಸೇನಾಪತಿಯೇ ಬತ್ತಿಗೆ ಬೆಂಕಿಯಿಟ್ಟನು. ಆಚೆ ದಡದಲ್ಲಿ ನಮ್ಮವರು ಇನ್ನೂ ಓಡಿ ಬರುತ್ತಿದ್ದರು. ನನ್ನ ಬಾಗಿಲಲ್ಲಿ ನಿಂತು ಇದನ್ನು ಕಣ್ಣಾರೆ ಕಂಡೆನು.' ನಲವತ್ತೊಂದನೇ ಪುಟ."

"ಕಣ್ಣಾರೆ?"

"ಕಣ್ಣಾರೆ."

"ಹಾಗಾದ್ರೆ ನೀವೂ ಅದೇ ಬಾಗಿಲಲ್ಲಿ ಒಂದು ಸಲ ನಿಂತು ನೋಡಿ." ಅವಳು ಕೊಳವೆ ಚಾಚಿದಳು.

ಮೇಷ್ಟ್ರು ಬಗ್ಗಿದರು. ಕೆಳಗಿನ ಹೊಲಿಗೆ ಯಂತ್ರಗಳು ಒಮ್ಮೆ ನಿಂತು ಮತ್ತೆ ಶುರುವಾದವು. ಮೇಷ್ಟ್ರು ಎದ್ದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಇದು ತಪ್ಪು."

"ಯಾವುದು ತಪ್ಪು? ದಿನಚರಿಯೋ, ಗುಡ್ಡವೋ?"

"ಗುಡ್ಡ! ಈ ಗುಡ್ಡ ಇಲ್ಲಿ ಇರಲೇ ಇಲ್ಲ!"

"ಇನ್ನೂರು ವರ್ಷದ ಹಿಂದೆಯಾ?"

"ಸೋಮವಾರ!" ಮೇಷ್ಟ್ರು ಕಿರುಚಿದರು. "ಸೋಮವಾರ ಸಂಜೆ ನಾನು ಇಲ್ಲೇ ನಿಂತಿದ್ದೆ. ಇದೇ ಕೊಳವೆ ಕೊಟ್ಟ. ಗಿರಣಿಯಿಂದ ಸೇತುವೆ ದೀಪದ ಹಾಗೆ ಕಂಡಿತು. ನನ್ನ ಪುಸ್ತಕದ ನಕ್ಷೆ ನೋಡಿಯೇ ಅವನು ಕಟ್ಟಿದ್ದು. ಇಲ್ಲೊಂದು ಸಣ್ಣ ದಿಬ್ಬ ಇತ್ತು, ಅಷ್ಟೇ. ನಾನು ಎಷ್ಟು ಖುಷಿಯಾಗಿ ಹೋದೆ ಗೊತ್ತಾ? ಆದರೆ ಅವನು ಅಂದ, 'ಮೇಷ್ಟ್ರೇ, ಈ ನಕ್ಷೆಯಲ್ಲಿ ನೀರು ಹರಿಯೋ ದಿಕ್ಕಿಗೂ ನೆಲದ ಇಳಿಜಾರಿಗೂ ತಾಳೆ ಆಗ್ತಿಲ್ಲ. ನಾಳೆ ಬೆಳಗ್ಗೆ ಬಸ್ಸು ಹತ್ತಿ ಆ ಜಾಗಕ್ಕೇ ಹೋಗಿ ಅಳೆದು ಬರ್ತೀನಿ.' ಹೋಗಿ ಬಾ ಅಂದೆ. ಸತ್ಯಕ್ಕೆ ನಾನ್ಯಾಕೆ ಹೆದರಲಿ?"

"ಮರಳು ತರೋಕೆ ಅಲ್ಲವಾ ಅವನು ಹೋಗಿದ್ದು?" ಪತ್ತೇದಾರಮ್ಮ ತಂಗಿಯತ್ತ ತಿರುಗಿದಳು.

"ನನಗೆ ಹಾಗಂದ," ಎಂದಳು ತಂಗಿ. ಕುಂಚ ನೀರಿನ ಬಟ್ಟಲಲ್ಲಿ ಸುಮ್ಮನೆ ತಿರುಗುತ್ತಿತ್ತು.

ಪತ್ತೇದಾರಮ್ಮ ಕಪಾಟಿನಿಂದ ಉದ್ದದ ಒಂದು ಗುಂಡುಸೂಜಿ ತೆಗೆದಳು. ಮೇಜಿನ ಎಡತುದಿಯ ದೊಡ್ಡ ಗುಡ್ಡದ ಹಾಳೆಗಳ ನಡುವೆ ಮೆಲ್ಲನೆ ತೂರಿಸಿ ಎಳೆದಳು. ಸೂಜಿ ಒಣಗಿತ್ತು. ತೋಪಿನ ದಿಬ್ಬಕ್ಕೆ ತೂರಿಸಿದಳು. ಒಣಗಿತ್ತು. ಆಮೇಲೆ ಗಿರಣಿ ಎದುರಿನ ಗುಡ್ಡಕ್ಕೆ ತೂರಿಸಿ ಎಳೆದಳು.

ಸೂಜಿಯ ತುದಿಯಲ್ಲಿ ಹಾಲಿನಂಥ ಬಿಳಿ ಹನಿ.

"ಹಸಿ," ಎಂದಳು. "ಮೇಷ್ಟ್ರು ಹೇಳ್ತಿರೋದು ನಿಜ. ಸೋಮವಾರ ಸಂಜೆ ಇಲ್ಲದ ಗುಡ್ಡ ಮಂಗಳವಾರ ಬೆಳಗ್ಗೆ ಆರಕ್ಕೆ ಎದ್ದು ನಿಲ್ಲೋಕೆ ಸಾಧ್ಯ ಇಲ್ಲ. ಮರಳಿಗೆ ಒಂದು ದಿನ, ಬಣ್ಣಕ್ಕೆ ಒಂದು ದಿನ. ಹಾಗಾದರೆ ಅವನು ಹೋದ ಮೇಲೆ ಯಾರೋ ಈ ಕೋಣೆಗೆ ಬಂದಿದಾರೆ."

ಅವಳಿಗೆ ಒಳಗೊಳಗೇ ನಾಚಿಕೆಯಾಯಿತು. ಅರ್ಧ ಗಂಟೆಯ ಹಿಂದೆ ಕಣ್ಣೀರು ತರಿಸಿದ ಗುಡ್ಡ ಸುಳ್ಳು ಸಾಕ್ಷಿಯಾಗಿರಬಹುದು. ಆದರೂ ಆ ಬಂಡೆಯ ಸೀಳುಗಳನ್ನು ನೋಡಿದರೆ, ಕಂಡದ್ದನ್ನು ಕಂಡ ಹಾಗೆ ಕೆತ್ತಿದ ಕೈಯ ಕೆಲಸ ಎಂದೇ ಮನಸ್ಸು ಹೇಳುತ್ತಿತ್ತು.

"ಮೇಷ್ಟ್ರೇ, ಇನ್ನೊಂದೇ ಪ್ರಶ್ನೆ. ಆ ದಿನಚರಿ ನಿಮಗೆ ಎಲ್ಲಿ ಸಿಕ್ತು?"

"ಹಳೇ ದಾಖಲೆ ಕೋಣೆಯಲ್ಲಿ. ಮುನ್ನುಡಿಯಲ್ಲಿ ಬರೆದಿದೀನಲ್ಲ."

"ಮುನ್ನುಡಿ ಬಿಡಿ."

ಮೇಷ್ಟ್ರು ಕುರ್ಚಿಗಾಗಿ ತಡಕಾಡಿ ಕೂತರು. ನದಿಯ ಆಚೆ ದಡದ ಮೂವತ್ತು ಮುಖಗಳನ್ನೇ ನೋಡುತ್ತ ಮಾತು ಶುರುಮಾಡಿದರು.

"ಮೂವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಮಾತು ಕೊಟ್ಟಿದ್ದೆ. ಒಬ್ಬ ಹುಡುಗ ತಂದುಕೊಟ್ಟ. ಅಜ್ಜನ ಪೆಟ್ಟಿಗೆಯಲ್ಲಿ ಇತ್ತು, ನನ್ನ ಹೆಸರು ಎಲ್ಲೂ ಬರಬಾರದು ಅಂದ. ನಕ್ಷೇನೂ ಅದರ ಜೊತೆಗೇ ಇತ್ತು. ಕಾಗದ ಹಳೇದು, ಶಾಯಿ ಹಳೇದು. ನಾನು ಸಣ್ಣ ಕಾಲೇಜಿನ ಸಣ್ಣ ಮೇಷ್ಟ್ರು, ತಾಯಿ. ಅಂಥದ್ದು ಕೈಗೆ ಬಂದರೆ ಯಾರು ಬಿಡ್ತಾರೆ?"

"ಯಾರು ಆ ಹುಡುಗ?"

"ಆಗ ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟೋ ಕೆಲಸಕ್ಕಿದ್ದ. ಶಾಯಿ, ಬಣ್ಣ, ಆಮ್ಲ ಎಲ್ಲದರ ಗುಟ್ಟು ಗೊತ್ತಿದ್ದವನು." ಮೇಷ್ಟ್ರು ತಂಗಿಯ ಮುಖ ನೋಡಲಾರದೆ ತಲೆ ತಗ್ಗಿಸಿದರು. "ಈಗ ಅಂಗಡಿ ಅವನದೇ. ಕ್ಷಮಿಸಮ್ಮ. ನಿನ್ನ ಗಂಡ."

ನೀರಿನ ಬಟ್ಟಲು ಮಗುಚಿತು.

*

ಮೇಷ್ಟ್ರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ತಂಗಿ ಚೆಲ್ಲಿದ ನೀರನ್ನು ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಈ ಕೋಣೆಗೆ ಎಷ್ಟು ಬೀಗದ ಕೈ?"

"ಎರಡು. ಒಂದು ಅಣ್ಣನ ಹತ್ತಿರ. ಇನ್ನೊಂದು ನಮ್ಮನೆ ಮೊಳೆಯಲ್ಲಿ ತೂಗುಹಾಕಿರತ್ತೆ. ಮಂಗಳವಾರದಿಂದ ಯಾರೂ ತೆಗೆದಿಲ್ಲ, ಇವತ್ತೇ ನಾನು ತೆಗೆದಿದ್ದು."

"ಸರಿ. ಆ ಗುಡ್ಡ ಎತ್ತು. ಅಡಿಯಲ್ಲಿ ಏನಿದೆ ನೋಡೋಣ."

"ಬೇಡ ಅಕ್ಕ! ಎತ್ತಿದರೆ ಒಡೆದುಹೋಗತ್ತೆ."

ಪತ್ತೇದಾರಮ್ಮ ಅವಳನ್ನೇ ನೋಡಿದಳು. ಬೆಳಗ್ಗೆ ಹದಿನಾಲ್ಕು ಮನೆಯ ಹಳ್ಳಿಯನ್ನು ಮುಚ್ಚಳದಂತೆ ಎತ್ತಿದ ಕೈ ಈಗ ಒಂದು ಗುಡ್ಡದಿಂದ ಹಿಂದೆ ಸರಿದಿತ್ತು.

ಪತ್ತೇದಾರಮ್ಮನೇ ಬಗ್ಗಿ ಎರಡೂ ಕೈಯಲ್ಲಿ ಗುಡ್ಡವನ್ನು ಎತ್ತಿದಳು. ಎಷ್ಟು ಹಗುರ! ಅಷ್ಟು ದೊಡ್ಡ ಬಂಡೆ, ಅಷ್ಟು ದೊಡ್ಡ ಆಕಾಶ ಮುಚ್ಚಿದ್ದು ಒಂದು ಹಕ್ಕಿಯ ಗೂಡಿನಷ್ಟೂ ಭಾರವಿರಲಿಲ್ಲ. ತಿರುಗಿಸಿದಳು.

ಒಂದು ತ್ರಿಕೋನ. ಪಕ್ಕದಲ್ಲಿ ಒಂದು ಚುಕ್ಕೆ. ಕೆಳಗೆ, ಮೊನ್ನೆ ಗುರುವಾರದ ತಾರೀಖು.

"ಕೂತ್ಕೋಮ್ಮ," ಎಂದಳು ಪತ್ತೇದಾರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮಣ್ಣ ಬದುಕಿದಾನೆ. ಗುರುವಾರ ನಿನ್ನ ಜೊತೆ ಇಲ್ಲೇ ಇದ್ದ. ನಿನ್ನೆ ನನ್ನ ಮನೆಗೆ ಬಂದು ಅಷ್ಟು ಅತ್ತೆಯಲ್ಲ, ಅದು ಯಾಕೆ?"

"ಅತ್ತಿದ್ದು ಸುಳ್ಳಲ್ಲ ಅಕ್ಕ." ಅವಳು ಸೆರಗನ್ನು ಬಾಯಿಗೆ ಒತ್ತಿದಳು. "ಮಂಗಳವಾರ ಆ ಹಾಳು ಗಿರಣಿ ಹತ್ತಿರ ಗೋಡೆ ಮೇಲೆ ನಿಂತು ಗುಡ್ಡ ಅಳೀತಿದ್ದಾಗ ಹಿಂದಿನಿಂದ ಯಾರೋ ಅವನನ್ನ ತಳ್ಳಿದರು. ಹದಿನೈದು ಅಡಿ. ಕೆಳಗೆ ಪೊದೆ ಇತ್ತು, ಉಳಿದ. ಬಲಗಾಲು ಊರೋಕೆ ಆಗಲ್ಲ. ತಳ್ಳಿದವರ ಮುಖ ನೋಡಲಿಲ್ಲ. ಯಾರದೋ ಬಂಡಿ ಹತ್ತಿ ಹೇಗೋ ಊರು ಸೇರಿ, ಬುಧವಾರ ಸಂಜೆ ಗ್ರಂಥಾಲಯದಿಂದ ಫೋನ್ ಮಾಡಿಸಿದ. ಅಲ್ಲಿ ಪುಸ್ತಕ ನೋಡಿಕೊಳ್ಳೋಳು ನನ್ನ ಗೆಳತಿ. ಹಿಂದಿನ ಕೋಣೆಯಲ್ಲಿ, ಹಳೇ ಪೇಪರ್ ಕಟ್ಟುಗಳ ನಡುವೆ ಬಚ್ಚಿಟ್ಟಿದೀವಿ."

"ಕಾಲು ಮುರಿದವನು ಗುಡ್ಡ ಕಟ್ಟಿದನಾ?"

"ಹಾಳೆ, ಅಂಟು ನಾನು ಒಯ್ದು ಕೊಟ್ಟೆ. ಅಲ್ಲೇ ಕೂತು ಕೊಯ್ದ, ಅಂಟಿಸಿದ, ಬಣ್ಣ ಹಾಕಿದ. ರಾತ್ರಿ ಹಗಲು ನೋಡಲಿಲ್ಲ. ಮರಳು, ಬಣ್ಣ ಬೇಗ ಒಣಗೋಕೆ ಗೆಳತಿ ಫ್ಯಾನ್ ಹಾಕಿಟ್ಟಳು. ಹುಲ್ಲು ಉದುರಿಸಿದ್ದು ನಾನು. ಗುರುವಾರ ಸಂಜೆ ದರ್ಜಿಗಳು ಹೋದ ಮೇಲೆ, ಇವರು ಅಂಗಡಿಯಲ್ಲಿದ್ದಾಗ, ನನ್ನ ಹೆಗಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ಹಳೇ ದಿಬ್ಬ ತೆಗೆದು ತಾನೇ ಕೂರಿಸಿದ. 'ನಾನು ಕಂಡದ್ದು ಇದು, ಸತ್ತರೂ ಇದು ಇಲ್ಲಿರಲಿ' ಅಂದ."

ಪತ್ತೇದಾರಮ್ಮ ಗುಡ್ಡವನ್ನು ಮಗುವನ್ನು ಮಲಗಿಸುವಂತೆ ಅದರ ಜಾಗದಲ್ಲಿಟ್ಟಳು. ಕಾಲು ಊರಲಾಗದ ಮನುಷ್ಯ, ಕೊಲ್ಲಲು ನೋಡಿದವರು ಊರಲ್ಲೇ ಓಡಾಡುತ್ತಿರುವಾಗ, ಪ್ರತಿ ಬಂಡೆಗೂ ಅದರ ನೆರಳು ಬರೆದಿದ್ದ.

"ನನ್ನನ್ನ ಕರೆಸು ಅಂದದ್ದು?"

"ಅವನೇ. 'ಹೊರಗಿನ ಕಣ್ಣು ಒಂದು ಬೇಕು. ಗುಡ್ಡ ನೋಡಿದಾಗ ಯಾರ ಮುಖ ಹೇಗಾಗತ್ತೆ ಅಂತ ಅವರು ನೋಡಲಿ' ಅಂದ. ಅವನು ಅಲ್ಲಿಗೆ ಹೋಗೋದು ಗೊತ್ತಿದ್ದದ್ದು ಮೇಷ್ಟ್ರಿಗೆ. ಆಮೇಲೆ ಸೋಮವಾರ ಊಟಕ್ಕೆ ಕೂತಾಗ ನಮ್ಮಿಬ್ಬರಿಗೆ ಹೇಳಿದ. ನನಗೆ, ಇವರಿಗೆ." ಅವಳು ಒರೆಸುವ ಬಟ್ಟೆಯನ್ನು ಮುದುಡಿದಳು. "ಮೇಷ್ಟ್ರೇ ಆಗಿರಲಿ ಅಂತ ಬೇಡಿಕೊಂಡೆ ಅಕ್ಕ. ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ಮಂಗಳವಾರ ಇವರು ಔಷಧಿ ತರೋಕೆ ಅಂತ ಬೇರೆ ಊರಿಗೆ ಹೋಗಿದ್ದರು. ಮೇಷ್ಟ್ರೇ ಆಗಿರಲಿ, ಮೇಷ್ಟ್ರೇ ಆಗಿರಲಿ ಅಂತ..."

ಬೆಳಗ್ಗೆ ಉಕ್ಕಿ ಹರಿದ ಚಹಾ ಪತ್ತೇದಾರಮ್ಮನ ಕಣ್ಣ ಮುಂದೆ ಬಂತು. ಮೈಮರೆತದ್ದಲ್ಲ ಅದು, ತಾನು ಬರೆದ ಸುಳ್ಳು ದಿನಚರಿ ಬಯಲಾಗುವ ಭಯ.

"ಗ್ರಂಥಾಲಯಕ್ಕೆ ನಡಿ. ಈಗಲೇ. ನಿನ್ನ ಗಂಡನಿಗೆ ಅವನು ಅಲ್ಲಿರೋದು ಗೊತ್ತಿಲ್ಲ ತಾನೆ?"

"ಗೊತ್ತಿಲ್ಲ. ಆದರೆ..." ತಂಗಿ ಬಿಳಿಚಿಕೊಂಡಳು. "ಬೆಳಗ್ಗೆ ಅಣ್ಣನ ನೋವಿನ ಮಾತ್ರೆ ಮುಗಿದಿತ್ತು. ಅದಕ್ಕೆ ಗೆಳತಿ ಇವರ ಅಂಗಡಿಗೇ ಹೋಗಿ..."

ಕೆಳಗೆ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಯಾರೋ ದರ್ಜಿಗಳ ಜೊತೆ ಜೋರಾಗಿ, ಸಂತೋಷವಾಗಿ ಮಾತಾಡುತ್ತಿದ್ದರು. ಆಮೇಲೆ ಮೆಟ್ಟಿಲ ಬುಡದಿಂದ ಔಷಧಿ ಅಂಗಡಿಯವನ ದನಿ ಮೇಲೇರಿತು.

"ಏ, ಕೇಳಿಸ್ತೇನೇ? ಭಾವ ಸಿಕ್ಕಿದ ಕಣೇ! ನನ್ನ ಜೊತೇಲೇ ಇದಾನೆ, ಕರ್ಕೊಂಡು ಬರ್ತಿದೀನಿ!"

ತಂಗಿ ಪತ್ತೇದಾರಮ್ಮನ ಕೈಯನ್ನು ಬಿಗಿಯಾಗಿ ಹಿಡಿದಳು. ಇಬ್ಬರೂ ಬಾಗಿಲ ಕಡೆ ಕಿವಿಗೊಟ್ಟು ನಿಂತರು.

ಮೆಟ್ಟಿಲು ಹತ್ತಿ ಬರುತ್ತಿದ್ದದ್ದು ಒಬ್ಬನದೇ ಹೆಜ್ಜೆ.